ಕರಿ ಕಾರು, ಹಸಿರು ಬಳೆ

ಕಾರು ಬಂತು. ಬಂತೆಂದರೆ ಸುಮ್ಮನೆ ಬರಲಿಲ್ಲ. ಟಿಕೋಟಾದ ಬಜಾರಿನ ನಡುವೆ ಹಲಗೆ ಬಾರಿಸಿಕೊಂಡು, ಪಟಾಕಿ ಸುಡಿಸಿಕೊಂಡು, ಮೂತಿಯ ಮೇಲೆ ಮಾರುದ್ದದ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಬಂತು. ಈ ಊರಿನಲ್ಲಿ ಮದುಮಗನಿಗೂ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ಮಲಕವ್ವ ಕಂಡಿರಲಿಲ್ಲ. ಕರಿ ಬಣ್ಣ. ಕೆರೆಯಿಂದ ಎದ್ದು ಬಂದ ಎಮ್ಮೆಯ ಮೈಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಬೆಂಜ್ ಅಂತೆ. ಪುಣೆಯಿಂದ ತಂದದ್ದಂತೆ.

ತಂದವರು ಸಿದ್ದಲಿಂಗೇಶ ಸಾವಕಾರರು. ಮೂವತ್ತೆಕರೆ ದ್ರಾಕ್ಷಿ ತೋಟ, ಒಣದ್ರಾಕ್ಷಿಯ ನಾಲ್ಕು ಶೆಡ್ಡು, ಎರಡಂತಸ್ತಿನ ಮನೆ. ಹೊರದೇಶಕ್ಕೆಲ್ಲ ದ್ರಾಕ್ಷಿ ಕಳಿಸುವವರು. ಮಲಕವ್ವ ಆ ಮನೆಯ ಕಸ ಗುಡಿಸಿ, ಸೆಗಣಿ ಬಳಿದು, ಹಂಗಾಮು ಬಂದಾಗ ಶೆಡ್ಡಿನಲ್ಲಿ, ಒಣಗಿಸುವ ಮೊದಲು, ದ್ರಾಕ್ಷಿಯನ್ನು ಸೋಡಾ ನೀರಿಗೆ ಅದ್ದುವವಳು. ಕೊನೆಯ ಶೆಡ್ಡಿನ ಹಿಂದಿನ ತಗಡಿನ ಖೋಲಿ ಅವಳ ಮನೆ. ತಗಡೂ ಸಾವಕಾರರದು, ನೆಲವೂ ಸಾವಕಾರರದು. ಕೆಲಸ ಇರುವಷ್ಟು ದಿನ ಖೋಲಿ. ಕೆಲಸ ಹೋದ ದಿನ ಖೋಲಿಯೂ ಹೋಯಿತು. ಇದನ್ನು ಯಾರೂ ಕಾಗದದ ಮೇಲೆ ಬರೆದಿರಲಿಲ್ಲ. ಬರೆಯುವ ಜರೂರೂ ಇರಲಿಲ್ಲ.

ಅವತ್ತು ಸಾವಕಾರರು ಕಟ್ಟೆಯ ಮೇಲೆ ಕುಳಿತು ಬಂದವರಿಗೆಲ್ಲ ಪೇಢೆ ಕೊಟ್ಟರು. ಪೇಢೆಯ ಜೊತೆ ದೇಶ ದೇಶದ ಸುದ್ದಿಯನ್ನೂ ಕೊಟ್ಟರು.

"ದುಬೈನ್ಯಾಗ ಪೊಲೀಸರೂ ಕೋಟಿಗಟ್ಟಲೆ ಗಾಡಿ ಹೊಡೀತಾರ, ಗೊತ್ತೈತೇನ? ನಾ ಕಣ್ಣಾರೆ ನೋಡೀನಿ. ಲಂಡನ್ನಿನ್ಯಾಗ ಹೋಟೆಲ್ ಮುಂದ ಸಾದಾ ಗಾಡಿ ತಂದು ನಿಲ್ಲಿಸಿದ್ರ ಬಾಗಲಾ ಕಾಯಾಂವ ಹೊಳ್ಳಿ ಸುದ್ದಾ ನೋಡಂಗಿಲ್ಲ. ಇಂಥಾದು ನಿಲ್ಲಿಸು, ಓಡಿ ಬಂದು ಬಾಗಲಾ ತಗೀತಾನ. ಯಾವ ದೇಶದಾಗೂ ಮನಷ್ಯಾನ ಮಾರಿ ನೋಡಂಗಿಲ್ಲೋ. ಗಾಡಿ ಮಾರಿ ನೋಡ್ತಾರ."

ಕಟ್ಟೆ ಹೌದೌದು ಎಂದಿತು. ಪೇಢೆ ತಿಂದ ಬಾಯಿ ಇಲ್ಲ ಎನ್ನುತ್ತದೆಯೇ?

ಬಾಗಿಲಲ್ಲಿ ನಿಂತಿದ್ದ ಮಗಳು ಕಾವ್ಯಾ ಕಿಸಕ್ಕೆಂದಳು. "ಅಪ್ಪಾ, ಜರ್ಮನಿಯೊಳಗ ಇದ ಕಂಪನಿ ಗಾಡಿ ಟ್ಯಾಕ್ಸಿ ಐತಿ. ಸ್ಟೇಷನ್ ಮುಂದ ಸಾಲಾಗಿ ನಿಂತಿರ್ತಾವ. ನಮ್ಮಲ್ಲಿ ಆಟೋ ನಿಂತಂಗ."

ಕಟ್ಟೆ ನಕ್ಕಿತು. ಸಾವಕಾರರು ನಗಲಿಲ್ಲ. "ಅಲ್ಲಿರಬಹುದು. ಇದು ಟಿಕೋಟಾ," ಎಂದರು.

ಒಡೆದ ಕುಂಬಳಕಾಯಿಯ ಚೂರು ಬಳಿಯುತ್ತಿದ್ದ ಮಲಕವ್ವನಿಗೆ ಒಂದು ಸಂಶಯ ಬಂತು. ಮೆಲ್ಲಗೆ ಕಾವ್ಯಾಳ ಹತ್ತಿರ ಹೋಗಿ ಕೇಳಿದಳು. "ಯವ್ವಾ, ಅಲ್ಲಿ ಅವನ್ನ ಯಾರು ತೊಳೀತಾರ?"

"ಮಷೀನ್ ತೊಳೀತಾವ ಮಲಕವ್ವಾ."

ಮರುದಿನದಿಂದ ಟಿಕೋಟಾದಲ್ಲಿ ಮಲಕವ್ವನೇ ಮಷೀನು.

ಮುಂಜಾನೆ ಕೊಟ್ಟಿಗೆ ಬಳಿದು, ಅಂಗಳ ಸಾರಿಸಿ, ಆಮೇಲೆ ಕಾರು. ಡ್ರೈವರ್ ಹಣಮಂತ ಕಲಿಸಿಕೊಟ್ಟ. ಮೊದಲು ಧೂಳು ಹೋಗುವ ಹಾಗೆ ನೀರು ಬಿಡಬೇಕು. ಆಮೇಲೆ ಶಾಂಪೂ. ಮಲಕವ್ವ ತನ್ನ ತಲೆಗೆ ಜನ್ಮದಲ್ಲಿ ಅಷ್ಟು ಶಾಂಪೂ ಹಾಕಿಕೊಂಡಿರಲಿಲ್ಲ. ಬೋರಿನ ನೀರಿನಲ್ಲಿ ತೊಳೆದರೆ ಒಣಗಿದ ಮೇಲೆ ಬಿಳಿ ಕಲೆ ಕೂರುತ್ತದೆ, ಅದಕ್ಕೆ ಕೊನೆಯ ಮೂರು ಬಕೀಟು ಒಳಮನೆಯ ಫಿಲ್ಟರ್ ನೀರು. ಶೆಡ್ಡಿನ ಸಾಲಿನಲ್ಲಿದ್ದ ಎಂಟು ಮನೆಯವರು ಅದೇ ಬೋರಿನ ಸವುಳು ನೀರು ಕುಡಿಯುತ್ತಿದ್ದರು. ಹುಡುಗರ ಹಲ್ಲು ಹಳದಿಯಾಗಿದ್ದವು. ಹಲ್ಲಿಗೆ ಕಲೆ ಕೂತರೆ ನಡೆಯುತ್ತದೆ. ಕಾರಿಗೆ ಕೂರಬಾರದು.

ಎರಡನೆಯ ದಿನವೇ ಸಾವಕಾರರ ಹೆಂಡತಿ ವಿದ್ಯಾವತಿ ಅವಳ ಅಂಗೈ ತಿರುಗಿಸಿ ನೋಡಿದಳು. ದ್ರಾಕ್ಷಿ ಅದ್ದುವ ಸೋಡಾ ನೀರು, ಎಣ್ಣೆ ತಿಂದು ತಿಂದು ಆ ಅಂಗೈ ಸುಲಿದು, ಮತ್ತೆ ಗಟ್ಟಿಯಾಗಿ, ಮತ್ತೆ ಬಿರಿದಿತ್ತು. ರೇಶಿಮೆಯಂಥ ಅರಿವೆ ಕೊಟ್ಟರೆ ಅದರ ಎಳೆ ಚರ್ಮಕ್ಕೆ ಸಿಕ್ಕು ಜಗ್ಗುತ್ತಿತ್ತು.

"ಅಯ್ಯ, ಇದೇನಿದು, ಉಸುಕಿನ ಕಾಗದ ಆಗೈತಿ. ಗಾಡಿಗೆ ಬರೇ ಕೈ ತಾಗಿಸಬ್ಯಾಡ," ಎಂದು ಕೈಗವಸು ತರಿಸಿದಳು. ಆಮೇಲೆ ಮುಂಗೈ ನೋಡಿದಳು. "ಈ ಬಳಿನೂ ತಗದು ಬಾ. ಗಾಜು. ಗೀರು ಬೀಳ್ತಾವ."

ಮರುದಿನ ಮಲಕವ್ವ ಹಳೆಯ ಸೀರೆಯ ಸೆರಗು ಹರಿದು ಎರಡು ಪಟ್ಟಿ ಮಾಡಿ, ಬಳೆಯ ಮೇಲೆ ಬಿಗಿಯಾಗಿ ಸುತ್ತಿಕೊಂಡು ಬಂದಳು. ಹಣಮಂತ ಮುಟ್ಟಿ ನೋಡಿ, "ಆಗ್ತೈತಿ ಬಿಡಕ್ಕಾ, ಇದ ಚೊಲೊ," ಎಂದ. ತಿಂಗಳು ಹಾಗೆಯೇ ನಡೆಯಿತು. ಕಾರಿನ ಮೇಲೆ ಕೂದಲೆಳೆಯಷ್ಟೂ ಗೀರಿಲ್ಲ.

ಒಂದು ಡಜನ್ ಬಳೆಗೆ ಇಷ್ಟೇಕೆ ಎಂದು ಕೇಳುವವರು ಆ ಬಳೆ ಆ ಕೈಗೆ ಹೇಗೆ ಬಂತೆಂದು ತಿಳಿಯಬೇಕು.

ಹನ್ನೊಂದು ವರ್ಷದ ಹಿಂದೆ ಇದೇ ಸಾವಕಾರರ ತೋಟದಲ್ಲಿ ಅವಳ ಗಂಡ ಮಲ್ಲಿನಾಥ ದ್ರಾಕ್ಷಿಗೆ ಔಷಧ ಹೊಡೆಯುತ್ತಿದ್ದ. ಬಾಯಿಗೆ ಒಂದು ಅರಿವೆ ಕಟ್ಟಿಕೊಂಡಿದ್ದ, ಅಷ್ಟೇ. ಮಧ್ಯಾಹ್ನ ತಲೆ ತಿರುಗಿ ಸಾಲಿನ ನಡುವೆ ಬಿದ್ದ. ಮನೆಯಲ್ಲಿ ಜೀಪು ಇತ್ತು. ಅದು ನೆಂಟರನ್ನು ಬಿಟ್ಟು ಬರಲು ವಿಜಯಪುರದ ಸ್ಟೇಷನ್ನಿಗೆ ಹೋಗಿತ್ತು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಮಣ್ಣು ಮಾಡಿ ಬಂದ ಮೇಲೆ ಓಣಿಯ ಹೆಂಗಸರು ಮಲಕವ್ವನನ್ನು ಹಿತ್ತಲಿನ ಕಲ್ಲಿನ ಮೇಲೆ ಕೂರಿಸಿ ಎರಡೂ ಕೈ ಹಿಡಿದು ಬಳೆ ಒಡೆದರು. ಅವರೂ ಅಳುತ್ತಿದ್ದರು. ಅಳುತ್ತಲೇ ಒಡೆದರು. ಒಂದು ಚೂರು ಮುಂಗೈಯೊಳಗೆ ಇಳಿಯಿತು. ಅದನ್ನು ತೆಗೆಯಲು ಯಾರಿಗೂ ನೆನಪಾಗಲಿಲ್ಲ.

ಹತ್ತು ವರ್ಷ ಬೋಳು ಕೈ. ಮದುವೆ ಮನೆಯಲ್ಲಿ ಹಿಂದೆ ನಿಲ್ಲುವುದು, ಅರಿಷಿಣ ಕುಂಕುಮದ ತಟ್ಟೆ ಬಂದಾಗ ತಾನೇ ಎದ್ದು ಹೋಗುವುದು, ಎಲ್ಲ ರೂಢಿಯಾಯಿತು. ಮಗಳು ರೇಣುಕಾಗೆ ರೂಢಿಯಾಗಲಿಲ್ಲ. ಓದು ಮುಗಿಸಿ ವಿಜಯಪುರದ ಸ್ಟೇಷನ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಜೋರಾಪುರ ಪೇಟೆಯಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಖೋಲಿ ಹಿಡಿದಳು. ಮೊದಲ ಪಗಾರ ಬಂದ ದಿನ ತಾಯಿಯನ್ನು ಕರೆಸಿಕೊಂಡು ಪೇಟೆಯ ಬಳೆಗಾರ ಸೈಫುದ್ದೀನನ ಅಂಗಡಿಯ ಮುಂದೆ ಕೂರಿಸಿದಳು.

"ಯಾವ ಬಣ್ಣ ತಂಗೆವ್ವಾ?" ಎಂದು ಸೈಫುದ್ದೀನ ಕೇಳಿದ.

"ಹಸರು," ರೇಣುಕಾ ಹೇಳಿದಳು.

ಮಲಕವ್ವ ಕೈ ಹಿಂದಕ್ಕೆ ಎಳೆದುಕೊಂಡಳು. "ಹುಚ್ಚಿ, ಮಂದಿ ಏನಂದಾರು?"

"ಮಂದಿ ನಿನಗ ಕೂಳ ಹಾಕ್ಯಾರೇನ ಬೇ? ನೀಡ ಕೈ."

ಸೈಫುದ್ದೀನ ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಗೆಣ್ಣುಗಳನ್ನು ಒಂದೊಂದಾಗಿ ಒತ್ತಿದ. "ದುಡದ ಕೈ ಐತಿ. ಅಳತಿ ದೊಡ್ಡದ ಬೇಕು," ಎಂದ. ಹನ್ನೆರಡು ಬಳೆಯನ್ನೂ ಒಂದು ಚೂರು ಒಡೆಯದ ಹಾಗೆ ಏರಿಸಿದ. ಗಂಡ ಏನು ಮಾಡುತ್ತಾನೆ, ಇದ್ದಾನೋ ಇಲ್ಲವೋ, ಒಂದೂ ಕೇಳಲಿಲ್ಲ. ಬಳೆ ತೊಡಿಸುವವನಿಗೆ ಕೈ ಬೇಕು, ಗಂಡನ ಸುದ್ದಿ ಯಾಕೆ ಬೇಕು? ಬಸ್ಸಿನಲ್ಲಿ ಬರುವಾಗ ಮಲಕವ್ವ ಕಿಟಕಿಯ ಕಡೆ ಮುಖ ಮಾಡಿ ಟಿಕೋಟಾದವರೆಗೂ ಅತ್ತಳು. ಸಂತೋಷಕ್ಕೇ ಅತ್ತಳು.

ಊರು ಸುಮ್ಮನೆ ಬಿಟ್ಟಿತೇ? "ಮುದುಕಿಗೆ ಮದುವಿ ಎಂದೈತಿ?" ಎಂದಿತು. ನೀರಿಗೆ ಹೋದಲ್ಲಿ ಅಂದಿತು, ಹಿಟ್ಟಿನ ಗಿರಣಿಯಲ್ಲಿ ಅಂದಿತು. ಅಂದು ಅಂದು ಊರ ಬಾಯಿ ಸೋತಿತು. ಬಳೆ ಉಳಿದವು.

ಈಗ ಕಾವ್ಯಾಳ ನಿಶ್ಚಯದ ಮಾತಿಗೆ ಬರೋಣ. ಗಂಡಿನ ಕಡೆಯವರು ಬಬಲೇಶ್ವರದವರು. ಅವರ ಮನೆಯ ಮುಂದೆಯೂ ಒಂದು ದೊಡ್ಡ ಕಾರು ನಿಲ್ಲುತ್ತದೆ. ಈ ಬೆಂಜ್ ಪುಣೆಯಿಂದ ಬಂದದ್ದೇ ಆ ಕಾರನ್ನು ಮೀರಿಸಲಿಕ್ಕೆ. ಶುಕ್ರವಾರ ಅವರ ಊರಿನಲ್ಲೇ ನಿಶ್ಚಯ. ಸಾವಕಾರರು ಹಣಮಂತನನ್ನು ಕರೆದುಕೊಂಡು ಹಳೆಯ ಗಾಡಿಯಲ್ಲಿ ಸಾಂಗಲಿಗೆ ಹೋಗಿದ್ದರು, ಗುರುವಾರ ರಾತ್ರಿ ಬರುವವರು. ಬೆಂಜಿಗೆ ಮುಸುಕು ಹೊದಿಸಿ ತಗಡಿನ ಪತ್ರಾಸಿನ ನೆರಳಿಗೆ ನಿಲ್ಲಿಸಿದ್ದರು.

ಬುಧವಾರ ಅಮಾವಾಸ್ಯೆ. ಹಿತ್ತಲಿನಿಂದ ಬಂದ ಮಲಕವ್ವ ನೋಡುತ್ತಾಳೆ, ಮುಸುಕು ಅರ್ಧ ಸರಿದಿದೆ. ಸಾವಕಾರರ ತಾಯಿ ಶಂಕ್ರೆವ್ವ, ಎಂಬತ್ತರ ಮುದುಕಿ, ಕಾಲಡಿಗೆ ಮಣೆ ಹಾಕಿಕೊಂಡು ಕಾರಿನ ಮೂತಿಯ ಮುಂದೆ ನಿಂತಿದ್ದಾಳೆ. ಒಂದು ಕೈಯಲ್ಲಿ ಹುಣಸೆಹಣ್ಣು, ಬೂದಿ ಕಲಸಿದ ಬಟ್ಟಲು. ಇನ್ನೊಂದರಲ್ಲಿ ತೆಂಗಿನ ನಾರು. ಗರಗರ ತಿಕ್ಕುತ್ತಿದ್ದಾಳೆ.

"ಅವ್ವಾರ! ಬಿಡ್ರೀ! ಏನ ಮಾಡಾಕತ್ತೀರಿ!"

"ಮುಸುಕ ಹಾಕೂ ಮುಂದ ಪೂಜಾ ಮಾಡಿದ್ದ ಕುಂಕುಮ ಒಣಗಿ ಹತ್ತಿತ್ತ ಬೇ. ಈ ಬೆಳ್ಳಿ ಚಿಕ್ಕಿ ಮಂಕಾಗಿತ್ತು. ಅಮಾಸಿ ಅಲ್ಲೇನ, ದೇವರ ಸಾಮಾನದ ಜೋಡಿ ಇದನ್ನೂ ತಿಕ್ಕೇ ಬಿಡೂಣಂದೆ."

ಎಂಬತ್ತು ವರ್ಷದ ರೂಢಿ. ಹೊಳೆಯುವ ಸಾಮಾನು ಮಂಕಾದರೆ ಹುಣಸೆಹಣ್ಣು, ಬೂದಿ. ದೀಪದ ಸಮೆಗೆ ಅದೇ, ಆರತಿ ತಟ್ಟೆಗೆ ಅದೇ, ಪೂಜೆ ಮಾಡಿಸಿಕೊಂಡ ಮೇಲೆ ಕಾರೂ ದೇವರ ಸಾಮಾನೇ ಅಲ್ಲವೇ? ಮೂತಿಯ ಮೇಲಿನ ಆ ನಕ್ಷತ್ರ ತಿಕ್ಕಿದ ಮೇಲೆ ಕೈ ಸುಮ್ಮನಿರದೆ ಸುತ್ತಲಿನ ಕರಿ ಬಣ್ಣವನ್ನೂ ಉಜ್ಜಿತ್ತು. ಮಲಕವ್ವ ನೀರು ತಂದು ಸುರಿದು, ಮೆತ್ತನೆಯ ಅರಿವೆಯಿಂದ ಒರೆಸಿದಳು. ಬೂದಿ ಹೋಯಿತು. ಮೊರದಗಲದ ಜಾಗದಲ್ಲಿ ಜೇಡರ ಬಲೆಯ ಹಾಗೆ ಬಿಳಿ ಗೀರು ಉಳಿದವು.

ಶಂಕ್ರೆವ್ವನಿಗೆ ಆಗ ತಿಳಿಯಿತು. ಬಟ್ಟಲು ಕೆಳಗಿಟ್ಟು ಮಲಕವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮುದುಕಿಯದು ಮೂವತ್ತು ವರ್ಷದಿಂದ ಬೋಳಾದ ಮುಂಗೈ. ಈ ಮನೆಯ ದೊಡ್ಡ ಹೆಂಗಸು ಕೂಲಿಯವಳನ್ನು ಬೇಡಿಕೊಂಡಳು.

"ಹೇಳಬ್ಯಾಡ ಮಲಕವ್ವಾ. ಅಂವಗ ಹೇಳಬ್ಯಾಡ. ಹೋದ ವರ್ಷ ಟಿವಿ ಮ್ಯಾಲ ನೀರ ಚೆಲ್ಲಿದ್ದಕ್ಕ ನಾಕ ದಿನಾ ನನ್ನ ಮಾರಿ ನೋಡಲಿಲ್ಲ ಅಂವ."

"ಇಲ್ಲ ತಗೋರಿ ಅವ್ವಾರ, ಹೇಳಂಗಿಲ್ಲ."

ಮುದುಕಿ ಕೈ ಬಿಡಲಿಲ್ಲ. ಹಸಿರು ಬಳೆಗಳ ಮೇಲೆ ಬೆರಳಾಡಿಸಿದಳು. "ನೀ ಹಾಕ್ಕೊಂಡಾಗ ನಿನಗ ಯಾರೂ ಏನೂ ಅನ್ನಲಿಲ್ಲೇನ ಬೇ?"

"ಅಂದ್ರುರೀ. ಅನ್ನೂದಾದ ಮ್ಯಾಲ ಸುಮ್ಮನಾದ್ರು."

"ನಮ್ಮ ಮಂದಿ ಸುಮ್ಮನಾಗಂಗಿಲ್ಲ," ಎಂದು ಶಂಕ್ರೆವ್ವ ಒಳಗೆ ಹೋದಳು.

ಮಾತು ಕೊಟ್ಟದ್ದಾಯಿತು. ಕೊಟ್ಟ ಮೇಲೆ ಮಲಕವ್ವನಿಗೆ ಕುಂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೇಳಿದರೆ ಮುದುಕಿ ಕೆಟ್ಟಳು. ಹೇಳದಿದ್ದರೆ ತಾನು ಕೆಟ್ಟಳು. ಕಾರು ಮುಟ್ಟುವವಳು ತಾನೊಬ್ಬಳೇ. ಗುರುವಾರವೆಲ್ಲ ಹತ್ತು ಸಲ ಪತ್ರಾಸಿನ ಕಡೆ ಹೋದಳು, ಮುಸುಕಿನ ಅಂಚು ಎತ್ತಿ ನೋಡಿದಳು, ಗೀರು ತಾವಾಗಿಯೇ ಹೋಗಿರಬಹುದೇನೋ ಎಂಬ ಹಾಗೆ.

ಶುಕ್ರವಾರ ಎಂಟೂವರೆಗೆ ಅಂಗಳದ ತುಂಬ ಮಂದಿ. ರೇಶಿಮೆ ಸೀರೆ, ಜರತಾರಿ ಪಟಗಾ. ಮುಹೂರ್ತ ನೋಡುವ ಗುರುಪಾದಯ್ಯನವರು ಕುರ್ಚಿಯ ಮೇಲೆ ಪಂಚಾಂಗ ಹಿಡಿದು ಕುಳಿತಿದ್ದರು. "ಹತ್ತೂವರಿಗೆ ರಾಹುಕಾಲ ಹತ್ತತೈತಿ. ಅದ್ರೊಳಗ ಊರು ಬಿಡಬೇಕು ನೋಡ್ರಿ," ಎನ್ನುತ್ತಿದ್ದರು. ಶೆಡ್ಡಿನ ಹೆಂಗಸರು ಮದುಮಗಳನ್ನು ನೋಡಲು ಗೇಟಿನ ಹತ್ತಿರ ಗುಂಪಾಗಿದ್ದರು. ಕಾವ್ಯಾ ಮೊಣಕೈವರೆಗೆ ಹಸಿರು ಬಳೆ ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

ಹಣಮಂತ ಮುಸುಕು ಎಳೆದ. ಪತ್ರಾಸಿನ ಕೆಳಗೆ ಓರೆಯಾಗಿ ನುಗ್ಗಿದ ಬಿಸಿಲು ನೇರ ಮೂತಿಯ ಮೇಲೆ ಬಿತ್ತು.

ಸಾವಕಾರರು ಒಂದು ಹೆಜ್ಜೆ ಮುಂದೆ ಬಂದರು. ಬಗ್ಗಿದರು. ಬೆರಳಿನಿಂದ ಮುಟ್ಟಿದರು. ಎದ್ದು ನಿಂತಾಗ ಮುಖ ಕೆಂಪಗೆ ಕಾದಿತ್ತು.

"ಎಲ್ಲಿ ಅಕಿ?"

ಮಲಕವ್ವ ಬಕೀಟು ಹಿಡಿದು ಅಲ್ಲೇ ನಿಂತಿದ್ದಳು.

"ಬಳಿ! ನೋಡ್ರಿ ಇಲ್ಲಿ, ಬಳಿ ಹಾಕ್ಕೊಂಡು ತಿಕ್ಕ್ಯಾಳ! ಹಾಕ್ಕೋಬ್ಯಾಡಂತ ತಿಂಗಳದಿಂದ ಹೇಳಾಕತ್ತಾರ. ನಿಮ್ಮಪ್ಪನ ಗಂಟೇನ ಬೇ ಇದು?"

"ನಾ ಅಲ್ರೀ ಸಾವಕಾರ್ರ. ಬಳಿ ಮ್ಯಾಲ ಅರಬಿ ಸುತ್ತಿರ್ತೀನ್ರಿ. ಹಣಮಂತಗ ಕೇಳ್ರಿ."

ಹಣಮಂತ ತನ್ನ ಕಾಲ ಬೆರಳು ನೋಡಿಕೊಂಡ.

"ಮತ್ತ ಯಾರು? ದೆವ್ವ ಬಂದು ಗೀಚ್ಯಾವೇನ?"

ಮಲಕವ್ವ ಬಾಗಿಲ ಕಡೆ ನೋಡಿದಳು. ಶಂಕ್ರೆವ್ವ ಹೊಸ್ತಿಲೊಳಗೆ ನಿಂತಿದ್ದಳು, ಕಣ್ಣು ನೆಲದಲ್ಲಿ. ಮಲಕವ್ವ ಬಾಯಿ ಮುಚ್ಚಿಕೊಂಡಳು. ಕೊಟ್ಟ ಮಾತು ನಾಲಿಗೆಯ ಮೇಲೆ ಕಲ್ಲಿನ ಹಾಗೆ ಕುಳಿತಿತ್ತು.

ಗುರುಪಾದಯ್ಯನವರು ಪಂಚಾಂಗದಿಂದ ತಲೆ ಎತ್ತಿದರು. "ಅಲ್ಲವಾ, ಗಂಡ ಇಲ್ಲದಾಕಿಗೆ ಹಸರ ಬಳಿ ಯಾಕ ಬೇಕಿತ್ತು? ಶುಭಕಾರ್ಯದ ದಿನಾ ನೋಡಾಕೂ ಚೊಲೊ ಅಲ್ಲ."

"ಹಣಮಂತಾ," ಸಾವಕಾರರು ಹೇಳಿದರು, "ತಗಿ ಅವನ್ನ. ಇಲ್ಲೇ ತಗಿ, ಎಲ್ಲಾರ ಮುಂದ. ಶಾಂಪೂ ಹಚ್ಚು, ಜಾರತಾವ. ಆಮ್ಯಾಲ ಲಗೂನ ಗಾಡಿ ತೊಳೀಲಿ."

ಹಣಮಂತ ಕಾರಿನ ಶಾಂಪೂ ತಂದು ಅವಳ ಮುಂಗೈ ಮೇಲೆ ಸುರಿದ, ಅರ್ಧ ನೊರೆಯಾಗಿ ಕಾರಿನ ಮೇಲೆ ಚೆಲ್ಲಿತು. "ಸಿಟ್ಟಾಗಬ್ಯಾಡಕ್ಕಾ, ನನ್ನ ಹೊಟ್ಟಿ ಪಾಡು," ಎಂದು ಪಿಸುಗುಟ್ಟಿದ. ಕೈ ಹಿಡಿದ. ಮಲಕವ್ವನಿಗೆ ಹಿತ್ತಲಿನ ಕಲ್ಲು ನೆನಪಾಯಿತು. ಆಗಲೂ ಹೀಗೆಯೇ ಯಾರೋ ಮೊಣಕೈ ಹಿಡಿದಿದ್ದರು, ಯಾರೋ ಬೆರಳು ಹಿಡಿದಿದ್ದರು. ಗೆಣ್ಣಿನ ಮೇಲೆ ಮೊದಲ ಬಳೆ ಸಿಕ್ಕಿಕೊಂಡಿತು. ಹಣಮಂತ ಎಳೆದ. ಚರ್ಮ ತರಚಿತು. ಬಳೆ ಹೊರಬಂತು. ಮಂದಿ ನೋಡುತ್ತಿದ್ದರು. ಮೈಮೇಲಿನ ಸೀರೆ ಎಳೆದಷ್ಟು ಅವಮಾನವಾಯಿತು ಅವಳಿಗೆ.

"ಬಿಡೋ! ಅಕಿ ಕೈ ಬಿಡೋ ಹಣಮಂತಾ!"

ಶಂಕ್ರೆವ್ವ ಹೊಸ್ತಿಲು ದಾಟಿ ಬಂದಿದ್ದಳು. "ನಾ ತಿಕ್ಕೀನಿ ಅದನ್ನ. ಹುಣಸಿಹಣ್ಣ, ಬೂದಿ ಹಚ್ಚಿ ನಾ ತಿಕ್ಕೀನಿ. ಅಕಿದೇನೂ ತಪ್ಪಿಲ್ಲ."

ಗುಂಪಿನಲ್ಲಿ ಯಾರೋ ಒಬ್ಬರು ಬುಸಕ್ಕನೆ ನಕ್ಕರು. "ಅವ್ವಾರು ಬೆಂಜ್ ಗಾಡೀನ ಸಮೆ ಮಾಡ್ಯಾರಲ್ರೋ!" ಎಂದರು. ಎಲ್ಲರೂ ನಕ್ಕರು. ವಿದ್ಯಾವತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಬೀಗರ ಮುಂದೆ ಹೇಳಲು ಒಳ್ಳೆಯ ಕಥೆಯಾಯಿತೆಂದು ನಕ್ಕರು. ಸಾವಕಾರರ ಮುಖವೂ ಸಡಿಲಾಯಿತು.

"ಹೋಗ್ಲಿ ಬಿಡವ್ವಾ. ಪುಣೆಗೆ ಕಳಿಸಿದ್ರ ಪಾಲಿಶ್ ಹೊಡದು ಕೊಡ್ತಾರ. ಬಿಸಲಾಗ ನಿಂದ್ರಬ್ಯಾಡ, ಒಳಗ ನಡಿ."

ಅದೇ ಗೀರು. ಅದೇ ಕಾರು. ತಾಯಿಯ ಕೈಯದೆಂದು ತಿಳಿದಾಗ ನಗೆ, ಕೂಲಿಯವಳ ಕೈಯದೆಂದಾಗ ಕಳ್ಳತನಕ್ಕಿಂತ ದೊಡ್ಡ ಗುನ್ಹೆ. ಮಲಕವ್ವ ಕಾಯುತ್ತ ನಿಂತಳು. ತಪ್ಪಾಯಿತು ಅನ್ನಲಿ ಎಂದಲ್ಲ, ಅಷ್ಟು ಆಸೆ ಅವಳಿಗೆ ಇರಲಿಲ್ಲ. ಹೋಗು, ಕೈ ತೊಳೆದುಕೋ ಎಂದಾದರೂ ಯಾರಾದರೂ ಅಂದಾರು ಎಂದು ನಿಂತಳು. ತರಚಿದ ಜಾಗದಲ್ಲಿ ಶಾಂಪೂ ಚುರುಚುರು ಉರಿಯುತ್ತಿತ್ತು.

ಸಾವಕಾರರು ಗಡಿಯಾರ ನೋಡಿದರು. "ಹೂಂ, ಏನ ನೋಡ್ತೀ? ಉಳದಾವನ್ನೂ ತಗಿ, ಲಗೂನ ತೊಳಿ. ಹೊತ್ತಾತು."

"ನಾ ಗೀಚಿಲ್ಲಲ್ರೀ."

"ಗೀಚಿಲ್ಲ, ಗೊತ್ತಾತಲ್ಲ? ನಾಳೆ ಗೀಚತೀ. ತಗಿ ಅಂದ್ರ ತಗಿ."

ಆಗ ಮಲಕವ್ವನಿಗೆ ಎಲ್ಲ ಸ್ವಚ್ಛವಾಗಿ ಕಂಡಿತು. ಗೀರಿನ ಮಾತೇ ಅಲ್ಲ ಇದು. ತಗಿ ಅಂದರೆ ತಗಿಯಬೇಕು, ಅಷ್ಟೇ. ಹಣಮಂತನ ಹಿಡಿತದಿಂದ ಕೈ ಕಿತ್ತುಕೊಂಡಳು.

"ನನ್ನ ಗಂಡ ಸತ್ತಾಗ ಬಳಿ ಒಡದ್ರು, ಒಡಿಸ್ಕೊಂಡೆ. ಇವತ್ತ ನಿಮ್ಮ ಮನಿಯಾಗ ಯಾರು ಸತ್ತಾರ್ರಿ?"

ಶುಭಕಾರ್ಯದ ಅಂಗಳದ ನಡುವೆ ಆ ಮಾತು ಬಿತ್ತು. "ಶಿವ ಶಿವಾ!" ಎಂದು ಗುರುಪಾದಯ್ಯನವರು ಎದ್ದೇ ಬಿಟ್ಟರು. ಕಾವ್ಯಾ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಏನಂದಿ?" ಸಾವಕಾರರ ಗಂಟಲು ಹರಿಯಿತು. "ಏನಂದಿ ಬೋಸುಡಿ?"

"ಕೇಳಾಕತ್ತೀನ್ರಿ. ಬಳಿ ತಗೀಬೇಕಂದ್ರ ಯಾರರ ಸತ್ತಿರಬೇಕು. ಈ ಗಾಡಿ ಸತ್ತೈತೇನ್ರಿ? ಸತ್ತಿದ್ರ ಹೇಳ್ರಿ, ಅತ್ತು ತಗೀತೀನಿ."

ಸಾವಕಾರರು ಹೊಡೆಯಲು ಕೈ ಎತ್ತಿದರು. ಐದು ಬೆರಳಿಗೆ ಐದು ಉಂಗುರ, ಒಂದೊಂದು ಗ್ರಹಕ್ಕೆ ಒಂದೊಂದು ಹರಳು. ಮಲಕವ್ವ ಹಿಂದೆ ಸರಿಯಲಿಲ್ಲ. ಆ ಕೈಯನ್ನೇ ನೋಡಿದಳು.

"ಇವೂ ಗೀಚತಾವ್ರಿ. ಇವನ್ನ ತಗೀರಿ. ತಗದು ನೀವ ತೊಳೀರಿ. ನೀರ ಇಲ್ಲೇ ಐತಿ. ಫಿಲ್ಟರ್ ನೀರು."

ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕೈಗವಸು ತೆಗೆದು ಕಾರಿನ ಮೂತಿಯ ಮೇಲೆ ಇಟ್ಟಳು. ಹಣಮಂತನ ಅಂಗೈಯಲ್ಲಿದ್ದ ಬಳೆಯನ್ನು ತೆಗೆದುಕೊಂಡು, ನೊರೆ ಇದ್ದ ಹಾಗೆಯೇ, ತರಚಿದ ಗೆಣ್ಣಿನ ಮೇಲಿಂದ ಒತ್ತಿ ಏರಿಸಿಕೊಂಡಳು. ನೋವಾಯಿತು. ಆಗಲಿ.

ಎತ್ತಿದ ಕೈ ಕೆಳಗಿಳಿಯಿತು. ಅದಕ್ಕೆ ಬೇರೆ ದಾರಿ ಇರಲಿಲ್ಲ, ಗೇಟಿನ ಹತ್ತಿರ ಮೂವತ್ತು ಮಂದಿ ನೋಡುತ್ತಿದ್ದರು. ಸಾವಕಾರರು ಆ ಕಡೆ ತಿರುಗಿ ಕೂಗಿದರು. "ಏ ಪರಸವ್ವಾ! ಬಾ ಇಲ್ಲಿ. ನೀ ತೊಳಿ."

ಪರಸವ್ವ ಶೆಡ್ಡಿನ ಕೂಲಿಯವಳು, ಎಂದೂ ಎದುರು ಮಾತಾಡಿದವಳಲ್ಲ. ಅವಳು ತನ್ನ ಮುಂಗೈ ನೋಡಿಕೊಂಡಳು. ಎರಡು ಹೆಜ್ಜೆ ಹಿಂದೆ ಸರಿದಳು.

"ನನ್ನ ಗಂಡ ಗಟ್ಟಿ ಅದಾನ್ರೀ ಸಾವಕಾರ್ರ," ಎಂದಳು.

ಯಾರೋ ಕಿಸಕ್ಕೆಂದರು. ಹೆಂಗಸರ ಗುಂಪಿನಿಂದ ಒಬ್ಬಳೂ ಮುಂದೆ ಬರಲಿಲ್ಲ. ಕಾರಿನ ಮೇಲೆ ಬಿದ್ದಿದ್ದ ನೊರೆ ಬಿಸಿಲಿಗೆ ಒಣಗುತ್ತ ಬಂತು.

"ನಾ ಗಾಡಿ ಹತ್ತೂದ್ರೊಳಗ ಖೋಲಿ ಖಾಲಿ ಆಗಿರಬೇಕು," ಸಾವಕಾರರು ಹಲ್ಲು ಕಡಿದರು. "ಈ ಊರಾಗ ನಿನಗ ಯಾರು ಕೆಲಸ ಕೊಡ್ತಾರ ನೋಡ್ತೀನಿ."

"ನೋಡ್ರಿ," ಎಂದಳು ಮಲಕವ್ವ.

ಆ ಖೋಲಿಯ ಹದಿನೆಂಟು ವರ್ಷದ ಸಂಸಾರ ಒಂದು ಟ್ರಂಕಿನಲ್ಲಿ ಹಿಡಿಯಿತು. ಎರಡು ಸೀರೆ, ಕೌದಿ, ತವೆ, ಮಲ್ಲಿನಾಥನ ಫೋಟೋ. ಖೋಲಿಯ ಬಾಗಿಲು ಹಾಕಿದಳು. ಸುಳ್ಳೇಕೆ, ಭಯವಾಯಿತು. ಜೋರಾಪುರ ಪೇಟೆಯ ಖೋಲಿಯಲ್ಲಿ ಮೂರು ಹುಡುಗಿಯರು ಕಾಲು ಮಡಚಿ ಮಲಗುತ್ತಾರೆ. ನಾಲ್ಕನೆಯವಳಿಗೆ ಜಾಗ ಎಲ್ಲಿದೆ? ಕಾಖಂಡಕಿಯ ತವರಿಗೆ ಹೋದರೆ ಅಣ್ಣ ಅಮೋಘಿ ಕುರಿ ಬೆನ್ನು ಹತ್ತಿ ಊರೂರು ತಿರುಗುವವನು, ಅವನ ಮನೆಗೇ ಬೀಗ. ಬಸ್ ಸ್ಟ್ಯಾಂಡು ಮುಟ್ಟಿದ ಮೇಲೆ ಯೋಚಿಸಿದರಾಯಿತು ಎಂದುಕೊಂಡಳು. ಟ್ರಂಕು ತಲೆಗೇರಿಸಿ ಬಜಾರಿನ ದಾರಿ ಹಿಡಿದಳು.

ಬಜಾರು ಇಕ್ಕಟ್ಟು. ಒಂದು ಕಡೆ ತರಕಾರಿಯ ತಳ್ಳುಗಾಡಿ, ಇನ್ನೊಂದು ಕಡೆ ಬುಟ್ಟಿ, ಕಬ್ಬಿಣದ ಸಾಮಾನಿನ ಅಂಗಡಿ, ಒರಗಿಸಿಟ್ಟ ಸೈಕಲ್ಲು. ಅರ್ಧ ದಾರಿ ಬಂದಾಗ ಹಿಂದೆ ಹಾರ್ನ್ ಕೇಳಿಸಿತು. ಅವಳಿಗೆ ಆ ಹಾರ್ನ್ ಗೊತ್ತು. ತಿಂಗಳೊಪ್ಪತ್ತು ಆ ಕಾರಿನ ಮೈ ತೊಳೆದವಳು.

ಕಾಲು ತಾವಾಗಿಯೇ ಬದಿಗೆ ಸರಿಯಲು ಹೊರಟವು. ಹುಟ್ಟಿದಾಗಿನಿಂದ ಹಾಗೆಯೇ ಸರಿದ ಕಾಲು. ಎತ್ತಿನ ಬಂಡಿಗೆ ಸರಿದವು, ಜೀಪಿಗೆ ಸರಿದವು, ಬುಲೆಟ್ಟಿಗೆ ಸರಿದವು. ಮಲಕವ್ವ ಅವನ್ನು ತಡೆದಳು. ರಸ್ತೆಯ ನಟ್ಟನಡುವೆ ನಡೆದಳು.

ಹಾರ್ನ್ ಮತ್ತೆ ಆಯಿತು. ಅಂಗಡಿಯವರು ತಿರುಗಿ ನೋಡಿದರು. ಒಣಗಿದ ಸಾಬೂನಿನ ಬಿಳಿ ಪಟ್ಟೆ ಹೊತ್ತ ಕರಿ ಕಾರು, ಮುಂದೆ ಟ್ರಂಕು ಹೊತ್ತ ಹೆಂಗಸು. ಬದಿಯಿಂದ ನುಗ್ಗಿ ಹೋಗಲು ಒಂದಿಷ್ಟು ಜಾಗವಿತ್ತು. ಬೇರೆ ಯಾವ ಗಾಡಿಯಾದರೂ ನುಗ್ಗುತ್ತಿತ್ತು. ಆದರೆ ಒಂದು ಬದಿಗೆ ತಳ್ಳುಗಾಡಿಯ ಮೊಳೆ ಇತ್ತು, ಇನ್ನೊಂದು ಬದಿಗೆ ಸೈಕಲ್ಲಿನ ಹ್ಯಾಂಡಲ್ಲು. ಕಾರಿಗೆ ಗೀರಿನ ಭಯ.

ಗಾಜು ಇಳಿಸಿದ ಸದ್ದು. "ಏ, ಸರೀ ಬೇ! ಕಣ್ಣ ಕಾಣಂಗಿಲ್ಲೇನ? ರಾಹುಕಾಲ ಹತ್ತಾಕ ಬಂತು!" ಸಾವಕಾರರ ದನಿ.

ಅವಳು ತಿರುಗಲಿಲ್ಲ.

"ಹಣಮಂತಾ, ಹಾರ್ನ್ ಹೊಡಿಯೋ!"

"ಹೊಡದೇನ್ರಿ ಸಾವಕಾರ್ರ. ಸರೀವಲ್ಲಳು," ಎಂದ ಹಣಮಂತ. ಅವನ ದನಿಯಲ್ಲಿ ಅವಸರವೇ ಇರಲಿಲ್ಲ. ಮತ್ತೆ ಹಾರ್ನ್ ಹೊಡೆಯಲೂ ಇಲ್ಲ.

ಬಸ್ ಸ್ಟ್ಯಾಂಡು ಇನ್ನೂ ದೂರವಿತ್ತು. ದುಬೈ ಕಂಡ, ಲಂಡನ್ ಕಂಡ ಸಾವಕಾರರ ಕಾರು ಮಲಕವ್ವನ ಹೆಜ್ಜೆಯ ಹಿಂದೆ, ಅವಳ ಹೆಜ್ಜೆಯಷ್ಟೇ ಮೆಲ್ಲಗೆ ಬಂತು. ಅವಳು ತನ್ನ ದಾರಿ ತಾನು ನಡೆದಳು, ಲಗುಬಗೆ ಮಾಡಲಿಲ್ಲ.